ಬಿಳಿ ಪೆಟ್ಟಿಗೆಯ ಅಕ್ಕತಂಗಿಯರು

ಹುಬ್ಬಳ್ಳಿಯಿಂದ ಗದಗಿಗೆ ಹೋಗುವ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಅರೆನಿದ್ದೆಯಲ್ಲಿದ್ದೆ. ಅಣ್ಣಿಗೇರಿ ಹತ್ತಿರವಾಗುತ್ತಿದ್ದಂತೆ ಮುಂದೆಲ್ಲೋ ಮಳೆಯಾಗಿರಬೇಕು, ನೆಂದ ಕಪ್ಪು ಎರೆಮಣ್ಣಿನ ವಾಸನೆ ಬಸ್ಸಿನೊಳಗೆ ತುಂಬಿಕೊಂಡಿತು. ತುಮಕೂರಿನ ಕೆಮ್ಮಣ್ಣಿನಲ್ಲಿ ಬೆಳೆದವಳು ನಾನು. ನಮ್ಮ ಕಡೆ ಮೊದಲ ಮಳೆಯ ವಾಸನೆ ಹಗುರ, ಬಂದಷ್ಟೇ ಬೇಗ ಹೋಗಿಬಿಡುತ್ತದೆ. ಎರೆಯ ವಾಸನೆ ಹಾಗಲ್ಲ. ಅದು ದಪ್ಪ, ತಣ್ಣಗೆ, ಬಹಳ ಆಳದಿಂದ ಎದ್ದು ಬಂದಂಥದ್ದು. ಪಕ್ಕದಲ್ಲಿ ಕೂತಿದ್ದ ಹೆಂಗಸು "ಇಳೀತೀರೇನ್ರಿ?" ಎಂದು ಕೇಳಿದಾಗಲೇ ನಾನು ಎದ್ದು ನಿಂತಿರುವುದು ನನಗೆ ಗೊತ್ತಾದದ್ದು. ಇಳಿಯಲಿಲ್ಲ, ಮತ್ತೆ ಕೂತೆ. ಆದರೆ ಗದಗ ಬರುವವರೆಗೂ ನನ್ನ ಮನಸ್ಸು ಆ ಬಸ್ಸಿನಲ್ಲಿರಲಿಲ್ಲ.

ಎಂಬತ್ತರ ದಶಕದ ನಡುವಿನ ಒಂದು ಮಳೆಗಾಲ. ನನಗಾಗ ಇಪ್ಪತ್ತೈದರ ಆಸುಪಾಸು. ಹವಾಮಾನದ ಸಂಶೋಧನೆ ಮಾಡುವ ಸಂಸ್ಥೆಯೊಂದರಲ್ಲಿ ತಾತ್ಕಾಲಿಕ ಕೆಲಸ ಸಿಕ್ಕಿತ್ತು. ಅಣ್ಣಿಗೇರಿಯಿಂದ ನವಲಗುಂದದ ಕಡೆಗೆ ಹೋಗುವ ರಸ್ತೆಯಲ್ಲಿ ಒಂದು ಸಣ್ಣ ಊರು, ಆ ಊರಿನ ಹೊರಗೆ ಒಂದು ಎರೆ ಹೊಲ, ಹೊಲದ ನಡುವೆ ಒಂದು ಕಬ್ಬಿಣದ ಕಂಬ. ಆ ಕಂಬವನ್ನು ನೋಡಿಕೊಳ್ಳುವುದೇ ನನ್ನ ಕೆಲಸ. ಕಂಬದ ತುದಿಯಲ್ಲಿ ಗಾಳಿಗೆ ತಿರುಗುವ ಬಟ್ಟಲುಗಳಿದ್ದವು. ಕೆಳಗೆ, ಕೈಗೆಟುಕುವ ಎತ್ತರದಲ್ಲಿ, ಕಿಟಕಿಯ ಜಾಲರಿಯಂಥ ಗೋಡೆಗಳಿದ್ದ ಬಿಳಿ ಮರದ ಪೆಟ್ಟಿಗೆ. ಅದರೊಳಗೆ ಜೋಡಿ ಥರ್ಮಾಮೀಟರುಗಳು. ಅಲ್ಲಿಂದ ತಂತಿ ಹೊರಟು ಹೊಲದ ಅಂಚಿನ ತಗಡಿನ ಶೆಡ್ಡಿಗೆ ಬರುತ್ತಿತ್ತು. ಶೆಡ್ಡಿನಲ್ಲೊಂದು ಯಂತ್ರ, ನಿಧಾನವಾಗಿ ಸುತ್ತುವ ಕಾಗದದ ಮೇಲೆ ಥರ್ಮಾಮೀಟರಿಗೊಂದರಂತೆ ಎರಡು ಪೆನ್ನುಗಳಿಂದ ಹಗಲೂ ರಾತ್ರಿ ಗೆರೆ ಎಳೆಯುತ್ತಿತ್ತು.

ಇದೆಲ್ಲ ಯಾಕೆಂದು ಊರಿನವರು ಕೇಳಿದರು. ಹೇಳುವುದು ನನಗೆ ಸುಲಭವಾಗಿರಲಿಲ್ಲ. ದೂರದ ಊರುಗಳಲ್ಲಿ ದೊಡ್ಡ ಕಂಪ್ಯೂಟರುಗಳಿವೆ, ನಾಳೆಯ ಹವೆ ಹೇಗಿರುತ್ತದೆಂದು ಅವು ಲೆಕ್ಕ ಹಾಕುತ್ತವೆ ಎಂದೆ. ಆ ಲೆಕ್ಕಕ್ಕಾಗಿ ಭೂಮಿಯ ಮೇಲಿನ ಗಾಳಿಯನ್ನೆಲ್ಲ ಚೌಕ ಚೌಕವಾಗಿ ಹೆಚ್ಚಿಕೊಳ್ಳಬೇಕು. ಒಂದು ಚೌಕಕ್ಕೆ ಒಂದೇ ಬಿಸಿ, ಒಂದೇ ತೇವ, ಒಂದೇ ಗಾಳಿ. ಅಂದಿನ ಚೌಕಗಳೋ ಬಹಳ ದೊಡ್ಡವು. ನವಲಗುಂದದ ಎರೆ, ಕುಂದಗೋಳದ ಮೆಣಸಿನ ಹೊಲ, ಕಲಘಟಗಿಯ ಕಾಡು, ಅದರಾಚೆಯ ಘಟ್ಟ, ಎಲ್ಲವೂ ಒಂದೇ ಚೌಕದಲ್ಲಿ ಕೂತುಬಿಡುತ್ತಿದ್ದವು. ಚೌಕಕ್ಕಿಂತ ಚಿಕ್ಕದಾದ ಯಾವುದೂ ಕಂಪ್ಯೂಟರಿನ ಕಣ್ಣಿಗೆ ಬೀಳುವುದಿಲ್ಲ. ಕಾದ ನೆಲದಿಂದ ಏಳುವ ಬಿಸಿಗಾಳಿಯ ಗುಳ್ಳೆ, ಹೊಲದ ಬದುವಿನ ಮೇಲೆ ಸುತ್ತುವ ಸುಳಿಗಾಳಿ, ಒಂದೇ ಊರಿನ ಮೇಲೆ ಹುಟ್ಟಿ ಅಲ್ಲೇ ಸುರಿದು ಮುಗಿಯುವ ಮೋಡ, ಯಾವುದೂ ಕಾಣುವುದಿಲ್ಲ. ಆದರೆ ನೆಲದ ಬಿಸಿಯನ್ನೂ ತೇವವನ್ನೂ ಹೊತ್ತು ಮೇಲಕ್ಕೆ ಒಯ್ಯುವುದು ಅವೇ. ಅವನ್ನು ಬಿಟ್ಟರೆ ಲೆಕ್ಕದೊಳಗಿನ ಆಕಾಶ ಉಸಿರಾಡುವುದೇ ಇಲ್ಲ.

ಹೀಗಾಗಿ ಕಾಣದ ಅವೆಲ್ಲವುಗಳ ಪರವಾಗಿ ಒಂದು ಸೂತ್ರ ಬರೆಯುತ್ತಾರೆ. ನೆಲದಿಂದ ಎಷ್ಟು ಬಿಸಿ, ಎಷ್ಟು ತೇವ ಮೇಲೇರುತ್ತದೆಂದು ಹೇಳುವ ಒಂದು ಸಂಖ್ಯೆ ಆ ಸೂತ್ರದಲ್ಲಿ ಇರುತ್ತದೆ. ನಮ್ಮ ಎರೆ ನೆಲಕ್ಕೂ ಆಗ ಬಳಸುತ್ತಿದ್ದ ಸಂಖ್ಯೆ ಯಾವುದೋ ತಂಪು ದೇಶದ ಹುಲ್ಲುಗಾವಲಿನಿಂದ ಬಂದದ್ದು. ಬೇಸಿಗೆಯಲ್ಲಿ ಕಾಲು ಇಳಿಯುವಷ್ಟು ಬಿರುಕು ಬಿಡುವ, ಮಳೆ ಬಂದರೆ ಉಬ್ಬಿ ಬಿರುಕನ್ನೆಲ್ಲ ಮುಚ್ಚಿಕೊಳ್ಳುವ ನೆಲಕ್ಕೆ ಆ ಹುಲ್ಲಿನ ಸಂಖ್ಯೆ ಹೊಂದುವುದಿಲ್ಲ ಎಂಬುದು ಸಂಸ್ಥೆಯಲ್ಲಿ ಈ ಕೆಲಸದ ಮುಖ್ಯಸ್ಥರಾಗಿದ್ದ ನಮ್ಮ ಸರ್ ಅವರ ವಾದ. ಹೊಂದುವ ಸಂಖ್ಯೆಯನ್ನು ಅಳೆದೇ ತೋರಿಸಬೇಕು. ಅದಕ್ಕೆ ನೆಲ ಒಣಗಿದ್ದಾಗಿನಿಂದ ಹಿಡಿದು ಹೆಸರುಕಾಳಿನ ಕೊಯ್ಲಿನವರೆಗೂ ಒಂದು ಇಡೀ ಹಂಗಾಮಿನ ದಾಖಲೆ ಬೇಕು, ನಂಬುವಂಥದ್ದು ಬೇಕು. ಅದು ಸಿಗದಿದ್ದರೆ ಮುಂದಿನ ವರ್ಷ ಕಂಬ ಬೇರೆ ರಾಜ್ಯಕ್ಕೆ ಹೋಗುತ್ತದೆ, ನನ್ನ ಕೆಲಸ ದೀಪಾವಳಿಗೆ ಮುಗಿಯುತ್ತದೆ. ಕಳಿಸುವಾಗ ಸರ್ ಇದನ್ನು ಮೆತ್ತಗೆ, ಆದರೆ ಸ್ಪಷ್ಟವಾಗಿ ಹೇಳಿದ್ದರು. ಆ ಕೆಲಸದ ಮೇಲೆ ನನಗೆ ಬಹಳ ಆಸೆಯಿತ್ತು.

ಹೊಲ ನೀಲವ್ವನವರದು. ನಾನು ಉಳಿದುಕೊಂಡದ್ದೂ ಅವರ ಮನೆಯ ಪಡಸಾಲೆಯ ಪಕ್ಕದ ಕೋಣೆಯಲ್ಲೇ. ಐವತ್ತು ದಾಟಿದ ಹೆಂಗಸು, ಹಣೆಯ ತುಂಬ ವಿಭೂತಿ, ದೊಡ್ಡ ದನಿ. ಯಜಮಾನರಾದ ಈರಪ್ಪನವರು ಮೆತ್ತನೆಯ ಮನುಷ್ಯ, ಎತ್ತುಗಳ ಜೊತೆ ಮಾತಾಡಿದಷ್ಟು ಮನುಷ್ಯರ ಜೊತೆ ಆಡುತ್ತಿರಲಿಲ್ಲ. ಹೊಲದ ವ್ಯವಹಾರವೆಲ್ಲ ನೀಲವ್ವನವರ ಕೈಯಲ್ಲೇ. ಮೊದಮೊದಲು ನನ್ನನ್ನು ಶಾಲೆಯ ಟೀಚರಿಗೆ ಕರೆದಂತೆ "ಅಕ್ಕಾರ" ಎನ್ನುತ್ತಿದ್ದರು. ನನ್ನ ಕನ್ನಡ ಕೇಳಿ ನಗುತ್ತಿದ್ದರು.

"ನಿಮ್ಮ ಮಾತ ಅಗದಿ ಬೆಣ್ಣಿ ಹಚ್ಚಿದಂಗ ಐತ್ರಿ ಅಕ್ಕಾರ. ಸಿಟ್ಟ ಬಂದ್ರೂ ಹಿಂಗ ಮಾತಾಡತೀರೇನು?"

"ಸಿಟ್ಟು ಬಂದರೆ ಮಾತೇ ಆಡೋದಿಲ್ಲ, ನೀಲವ್ವಾರೆ."

"ಅಯ್ಯ, ಅದ ಬಾಳ ಕೆಟ್ಟದ್ದು. ಸಿಟ್ಟು ಹೊರಗ ಬರಬೇಕು. ಇಲ್ಲಂದ್ರ ಮೈಗೆ ಹತ್ತತೈತಿ."

ಮಿರಗ ಎಂದು ಆ ಊರಿನವರು ಕರೆಯುವ ಮೃಗಶಿರಾ ಮಳೆಗೆ ಮುಂಚಿನ ದಿನಗಳು ನನಗೆ ಕನಸಿನಲ್ಲಿ ಕಂಡಂತೆ ನೆನಪಿವೆ. ಬೆಳಗಿನ ಕೆಲಸ ಮುಗಿಸಿ, ಪೆನ್ನಿಗೆ ಶಾಯಿ ತುಂಬಿ, ಬದುವಿನ ಜಾಲಿಗಿಡದ ನೆರಳಲ್ಲಿ ಗೋಣಿತಾಟು ಹಾಸಿ ಮಲಗುತ್ತಿದ್ದೆ. ಎಲ್ಲಿ ನೋಡಿದರೂ ಕಪ್ಪು ನೆಲ, ಅದರ ಮೇಲೆ ನಡುಗುವ ಗಾಳಿ. ಬಿಸಿಲೇರಿದಂತೆ ಬರಿದಾದ ಆಕಾಶದಲ್ಲಿ ಬೆಳ್ಳನೆಯ ಮೋಡದ ಚೂರೊಂದು ಕಾಣಿಸಿಕೊಳ್ಳುವುದು. ಅದರ ಕೆಳಗೆ ಹದ್ದುಗಳು ರೆಕ್ಕೆ ಬಡಿಯದೆ ಸುತ್ತುತ್ತ ಸುತ್ತುತ್ತ ಏರುವವು. ಅವು ಏರುತ್ತಿದ್ದಲ್ಲಿ ಬಿಸಿಗಾಳಿಯ ಕಂಬವೊಂದು ಇದೆ ಎಂದು ಅರ್ಥ. ಮೋಡದ ನೆರಳು ಹೊಲ ದಾಟುವಾಗ ಬಟ್ಟಲುಗಳು ನಿಧಾನವಾಗುವವು, ನೆರಳು ಹೋದ ಮೇಲೆ ಏನೋ ನೆನಪಾದವರಂತೆ ಗಿರ್ರನೆ ತಿರುಗುವವು. ದೂರದಲ್ಲಿ ಧೂಳಿನ ಸುಳಿಯೊಂದು ಎದ್ದು, ಬದು ಹತ್ತಿ, ಒಣ ಹತ್ತಿಕಟ್ಟಿಗೆಯ ಎಲೆಗಳನ್ನು ಎತ್ತಿಕೊಂಡು ಹೋಗಿ, ಯಾರದೋ ಹೊಲದಲ್ಲಿ ಬಿಟ್ಟುಬಿಡುವುದು. ನೋಡುತ್ತ ನೋಡುತ್ತ ಕಣ್ಣು ಮುಚ್ಚುತ್ತಿದ್ದವು. ನಿದ್ದೆಯಲ್ಲೂ ಗಾಳಿ ಏರುತ್ತಲೇ ಇರುತ್ತಿತ್ತು.

ಒಂದು ದಿನ ನೀಲವ್ವನವರ ಒಲೆಯ ಮುಂದೆ ಕೂತು ಇದನ್ನೆಲ್ಲ ಮತ್ತೊಮ್ಮೆ ಹೇಳುವ ಪ್ರಯತ್ನ ಮಾಡಿದೆ. ಅವರು ಜೋಳದ ನುಚ್ಚು ಕುದಿಸುತ್ತಿದ್ದರು. ಗಡಿಗೆಯಲ್ಲಿ ಗುಳ್ಳೆಗಳು ಇಲ್ಲೊಂದು ಅಲ್ಲೊಂದು ಎದ್ದು ಕೊತ ಕೊತ ಒಡೆಯುತ್ತಿದ್ದವು.

"ನೋಡಿ, ಮುಂದಿನ ಗುಳ್ಳೆ ಎಲ್ಲಿ ಏಳುತ್ತೆ ಅಂತ ಹೇಳೋಕಾಗುತ್ತಾ?"

"ಅದ ಹೆಂಗ ಹೇಳಾಕ ಬರತೈತ್ರಿ?"

"ಆದರೆ ಒಲೆಯ ಉರಿ ಎಷ್ಟಿದೆ, ನುಚ್ಚು ಎಷ್ಟು ಗಟ್ಟಿ ಇದೆ ಅಂತ ಗೊತ್ತಿದ್ದರೆ, ಒಟ್ಟು ಎಷ್ಟು ಜೋರಾಗಿ ಕುದಿಯುತ್ತೆ ಅಂತ ಹೇಳಬಹುದು. ನಾವು ಮಾಡೋದು ಅಷ್ಟೇ. ಒಂದೊಂದು ಗುಳ್ಳೆಯ ಲೆಕ್ಕ ಅಲ್ಲ, ಇಡೀ ಗಡಿಗೆಯ ಲೆಕ್ಕ."

ನೀಲವ್ವ ಸಟ್ಟುಗ ಆಡಿಸುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. "ಹಂಗಾರ ನಮ್ಮ ಹೊಲದ ಮ್ಯಾಲ ಮಳಿ ಬರತೈತೋ ಇಲ್ಲೋ, ಅದನ್ನ ಹೇಳೂದಿಲ್ಲ ನೀವು."

"ಇಲ್ಲ. ಈ ಚೌಕದಲ್ಲಿ ಒಟ್ಟು ಎಷ್ಟು ಬರುತ್ತೆ ಅಂತ ಹೇಳಬಹುದು."

"ಈ ಚೌಕದಾಗ ಕಲಘಟಗಿನೂ ಐತಿ ಅಂದ್ರಿ?"

"ಇದೆ."

"ಅಲ್ಲಿ ಭತ್ತಾ ಬೆಳೀತಾರ್ರೀ! ಅವರ ಮಳಿ ನಮ್ಮ ಮಳಿ ಕಲಿಸಿ ಇಬ್ಬರಿಗೂ ಹಂಚಿದ್ರ ನಮಗ ಬಂದದ್ದೇನು? ಕಾಗದದ ಮ್ಯಾಲ ಮಳಿ, ಹೊಲದಾಗ ಧೂಳು." ಅವರಿಗೆ ನಿಜಕ್ಕೂ ಸಿಟ್ಟು ಬಂದಿತ್ತು. ನನಗೆ ನಗು ಬಂತು.

ಬಿಳಿ ಪೆಟ್ಟಿಗೆಯೊಳಗನ್ನು ಅವರು ಮೊದಲ ಸಲ ನೋಡಿದ್ದೂ ಆ ದಿನಗಳಲ್ಲೇ. ಜೋಡಿ ಥರ್ಮಾಮೀಟರುಗಳಲ್ಲಿ ಒಂದಕ್ಕೆ ತೆಳು ಬಟ್ಟೆ ಸುತ್ತಿ, ಬಟ್ಟೆಯ ತುದಿಯನ್ನು ನೀರಿನ ಸೀಸೆಯಲ್ಲಿ ಅದ್ದಿರುತ್ತೇವೆ. ನೀರು ಆರಿದಷ್ಟೂ ಅದು ತಣ್ಣಗಾಗುತ್ತದೆ. ಇನ್ನೊಂದು ಬರಿದಾಗಿ ಇರುತ್ತದೆ. ಎರಡರ ನಡುವಿನ ವ್ಯತ್ಯಾಸ ನೋಡಿದರೆ ಗಾಳಿಗೆ ಎಷ್ಟು ಬಾಯಾರಿಕೆ ಇದೆ ಎಂದು ತಿಳಿಯುತ್ತದೆ. ನೆಲದಿಂದ ಎಷ್ಟು ತೇವ ಮೇಲೇರುತ್ತಿದೆ ಎಂಬ ಲೆಕ್ಕ ನಿಂತಿದ್ದೇ ಆ ವ್ಯತ್ಯಾಸದ ಮೇಲೆ. ನಾನು ಬಟ್ಟೆ ಬದಲಿಸುವುದನ್ನು ನೀಲವ್ವ ಸೊಂಟದ ಮೇಲೆ ಕೈಯಿಟ್ಟು ನೋಡಿದರು.

"ಒಬ್ಬಾಕಿಗೆ ಅರಿವಿ ಉಡಿಸಿ, ನೀರ ಕುಡಿಸಿ ಕುಂದ್ರಿಸೀರಿ. ಇನ್ನೊಬ್ಬಾಕಿ ಏನ ಪಾಪ ಮಾಡಿದ್ಲ್ರಿ?"

"ಆಕೆ ಹಾಗೇ ಇರಬೇಕು, ನೀಲವ್ವಾರೆ."

"ಅಕ್ಕ-ತಂಗಿ ಇದ್ದಂಗ ಅದಾರ. ಹಿಂಗ ಭೇದ ಮಾಡಬಾರದ್ರಿ," ಎಂದು ತಲೆಯಾಡಿಸುತ್ತ ಹೋದರು. ಅಂದಿನಿಂದ ನನಗೂ ಆ ಎರಡು ಥರ್ಮಾಮೀಟರುಗಳು ಅಕ್ಕತಂಗಿಯರೇ ಆದವು.

ಮಿರಗ ಬಂತು, ಆರಿದ್ರ ಬಂತು. ಆ ಊರಿನಲ್ಲಿ ಪ್ರತಿ ಮಳೆಗೂ ನಕ್ಷತ್ರದ ಹೆಸರು, ಹೆಸರಿಗೆ ತಕ್ಕ ಸ್ವಭಾವ. ಅಷ್ಟು ದಿನಗಳ ಅಷ್ಟೊಂದು ಮೋಡಗಳನ್ನು ಅವರೂ ಒಂದೇ ಹೆಸರಿನಲ್ಲಿ ಕಟ್ಟಿಡುತ್ತಾರಲ್ಲ ಎಂದು ನನಗೆ ಅನ್ನಿಸಿತು. ನೆಲದ ಬಿರುಕುಗಳು ಒಂದೊಂದಾಗಿ ಮುಚ್ಚಿಕೊಂಡವು. ಹೆಸರುಕಾಳು ಮೊಳೆತು ಸಾಲು ಸಾಲಾಗಿ ಹಸಿರಾಯಿತು. ಕಾಗದದ ಮೇಲೆ ದೂರದೂರ ಓಡುತ್ತಿದ್ದ ಎರಡು ಗೆರೆಗಳು ಹತ್ತಿರ ಬಂದವು, ಬಿಸಿಲು ಬಿದ್ದ ದಿನ ಮತ್ತೆ ಅಗಲಿದವು. ನೆಲದ ಉಸಿರನ್ನು ಕಣ್ಣಾರೆ ನೋಡುತ್ತಿದ್ದೇನೆ ಅನ್ನಿಸುತ್ತಿತ್ತು. ಅಷ್ಟು ಸುಖವಾಗಿ ನಾನು ಮುಂದೆ ಯಾವ ಕೆಲಸವನ್ನೂ ಮಾಡಲಿಲ್ಲ.

ಶ್ರಾವಣ ಹುಟ್ಟುವ ಹೊತ್ತಿಗೆ ನನಗೆ ಚಳಿಜ್ವರ ಹಿಡಿಯಿತು. ಈರಪ್ಪನವರು ಚಕ್ಕಡಿಯಲ್ಲಿ ಹುಲ್ಲು ಹಾಸಿ, ಅದರ ಮೇಲೆ ಕೌದಿ ಹಾಸಿ, ನನ್ನನ್ನು ಮಲಗಿಸಿಕೊಂಡು ಅಣ್ಣಿಗೇರಿಗೆ ತಂದು ಹುಬ್ಬಳ್ಳಿಯ ಬಸ್ಸು ಹತ್ತಿಸಿದರು. ನೀಲವ್ವ ಜೊತೆಗೇ ಬಂದು ಆಸ್ಪತ್ರೆಯಲ್ಲಿ ಸೇರಿಸಿ, ಎರಡು ದಿನ ಇದ್ದು, ನಾಗರಪಂಚಮಿ ಹಬ್ಬ ಬಂತೆಂದು ಒಲ್ಲದ ಮನಸ್ಸಿನಿಂದ ಊರಿಗೆ ಮರಳಿದರು. ಹೋಗುವಾಗ ನನ್ನ ಹಣೆಯ ಮೇಲೆ ಕೈಯಿಟ್ಟು, "ಪಂಚಮಿಗೆ ಹೆಣ್ಣಮಕ್ಕಳು ಮನೀಗೆ ಬರತಾರ. ನೀ ನೋಡಿದ್ರ ಇಲ್ಲಿ ಬಂದು ಮಲಗೀ ಬೇ," ಎಂದರು. ಅವರು ನನ್ನನ್ನು ‘ಅಕ್ಕಾರ’ ಎನ್ನದೆ ಮನೆಮಗಳಿಗೆ ಅನ್ನುವಂತೆ ‘ಬೇ’ ಎಂದು ಕರೆದದ್ದು ಅದೇ ಮೊದಲು.

ಕಂಬದ ಕೆಲಸವನ್ನು ಸಂಸ್ಥೆಯ ಮೆಕ್ಯಾನಿಕ್ ಮಕ್ಬೂಲ್ ಭಾಯಿಗೆ ವಹಿಸಿದ್ದೆ. ಯಂತ್ರಗಳ ವಿಷಯದಲ್ಲಿ ಆತನದು ಬಂಗಾರದ ಕೈ. ಅಣ್ಣಿಗೇರಿಯಲ್ಲಿ ತನ್ನ ಮಾವನ ಮನೆಯಲ್ಲಿದ್ದುಕೊಂಡು ದಿನಾ ಸೈಕಲ್ಲಿನಲ್ಲಿ ಬಂದು ಕಾಗದ ಬದಲಿಸಿ, ಶಾಯಿ ತುಂಬಿ ಹೋಗುತ್ತಿದ್ದ. ಬಿಳಿ ಪೆಟ್ಟಿಗೆಯನ್ನು ತೆರೆಯುವ ಕೆಲಸ ಅವನದಾಗಿರಲಿಲ್ಲ. ಸೀಸೆಯಲ್ಲಿ ಹದಿನೈದು ದಿನಕ್ಕೆ ಸಾಕಾಗುವಷ್ಟು ನೀರು ನಾನೇ ತುಂಬಿಟ್ಟಿದ್ದೆ.

ಜ್ವರ ಇಳಿದ ಮೇಲೆ, ಕಾಲಲ್ಲಿ ಶಕ್ತಿ ಇನ್ನೂ ಬರುವ ಮೊದಲೇ ಊರಿಗೆ ಬಂದೆ. ಮಕ್ಬೂಲ್ ಶೆಡ್ಡಿನ ಬಾಗಿಲಲ್ಲೇ ಸಿಕ್ಕ.

"ಮೇಡಂ, ಎರಡು ಪೆನ್ನು ಕೂಡಿ ನಡದಾವ್ರಿ. ಬಿಚ್ಚಿ ತೊಳದೆ, ಮತ್ತ ಹಾಕಿದೆ. ಮತ್ತೂ ಹಂಗ. ಮಳಿ ಜಿಟಿಜಿಟಿ ಹತ್ತಿತ್ತು, ಹವಾ ಹಸೀ ಇರೂದಕ್ಕ ಹಿಂಗ ಆಗಿರಬೇಕು ಅಂತ ಸುಮ್ಮನಾದೆ."

ಕಾಗದ ನೋಡಿದೆ. ಪಂಚಮಿಯ ದಿನದಿಂದ ಎರಡು ಗೆರೆಗಳೂ ಒಂದನ್ನೊಂದು ಅಂಟಿಕೊಂಡೇ ಓಡಿದ್ದವು. ಬಿಸಿಲು ಬಿದ್ದ ಮಧ್ಯಾಹ್ನಗಳಲ್ಲೂ. ಹೆಸರಿನ ಸಾಲು ತುಳಿಯದಂತೆ ನಡೆಯಬೇಕೆಂಬುದನ್ನೂ ಮರೆತು ಪೆಟ್ಟಿಗೆಯ ಹತ್ತಿರ ಓಡಿದೆ. ಬಾಗಿಲು ತೆರೆದರೆ ಅಕ್ಕತಂಗಿಯರಿಬ್ಬರೂ ಹೊಸ ಬಟ್ಟೆ ಉಟ್ಟು ಕೂತಿದ್ದರು. ಬೆಳ್ಳನೆಯ ಮಲ್‌ಮಲ್ ಬಟ್ಟೆ, ಇಬ್ಬರಿಗೂ ಒಂದೇ ಅಗಲ, ಕುತ್ತಿಗೆಗೆ ಕೆಂಪು ದಾರದ ಗಂಟು. ಇಬ್ಬರ ಬಟ್ಟೆಯ ತುದಿಯೂ ಒಂದೇ ಸೀಸೆಯ ನೀರಿನಲ್ಲಿ. ಪೆಟ್ಟಿಗೆಯ ತಳದಲ್ಲಿ ಅರಿಷಿಣ ಕುಂಕುಮ, ಒಂದು ಶೇಂಗಾ ಉಂಡಿ. ಉಂಡಿಗೆ ಇರುವೆ ಮುತ್ತಿದ್ದವು.

ಮೊದಲು ನಗು ಬಂತು. ಆಮೇಲೆ ಅಲ್ಲೇ ಕೆಸರಲ್ಲಿ ಕೂತುಬಿಟ್ಟೆ. ಬರಿದಾಗಿರಬೇಕಾದ ಥರ್ಮಾಮೀಟರ್ ಇಷ್ಟು ದಿನ ಒದ್ದೆ ಬಟ್ಟೆಯಲ್ಲಿತ್ತು. ಹಾಗಾದರೆ ಗಾಳಿಯ ಬಾಯಾರಿಕೆಯ ಲೆಕ್ಕ ಇಲ್ಲ. ನೆಲದ ಉಸಿರಿನ ಲೆಕ್ಕ ಇಲ್ಲ. ಹೆಸರು ಹೂವಾಗುವ ಹೊತ್ತಿನ, ಸರ್ ಎಲ್ಲಕ್ಕಿಂತ ಹೆಚ್ಚು ಕಾದಿದ್ದ ದಿನಗಳು ಮಣ್ಣುಪಾಲಾಗಿದ್ದವು. ನೀಲವ್ವನವರ ಮೇಲೆ ತಡೆಯಲಾರದ ಸಿಟ್ಟು ಬಂತು. ಆ ಬಟ್ಟೆಯನ್ನು ಬಿಚ್ಚುವಾಗ ಗಂಟು ಎಷ್ಟು ಜತನದಿಂದ ಹಾಕಿದ್ದಾರೆಂದು ಕಂಡು ಅಳು ಬಂತು.

ಅವರಿಗೆ ಹೇಳಲಿಲ್ಲ. ಮಕ್ಬೂಲನಿಗೂ ಬಾಯಿ ಬಿಡಬೇಡ ಎಂದೆ. ಸಂಜೆ ನೀಲವ್ವ ರೊಟ್ಟಿ ಬಡಿಸುತ್ತ ತಾವೇ ಕೇಳಿದರು.

"ಯಾಕ ಬೇ, ಆಕೀ ಅರಿವಿ ಬಿಚ್ಚಿದೇನು? ನೀ ಇರಲಿಲ್ಲ, ನಿನಗ ಕೊಡೂದು ಅವರಿಗೆ ಕೊಟ್ಟೆ."

"ಹಾಂ, ಮಳೆಗೆ ಕೊಳೆಯಾಗಿತ್ತು," ಎಂದೆ. ಅವರು ಇನ್ನೊಂದು ರೊಟ್ಟಿ ಹಾಕಿದರು.

ಆಮೇಲಿನ ದಿನಗಳಲ್ಲಿ ಮೋಡಗಳು ಮೊದಲಿನಂತೆಯೇ ಹುಟ್ಟುತ್ತಿದ್ದವು, ಹದ್ದುಗಳು ಏರುತ್ತಿದ್ದವು. ನಾನು ಜಾಲಿಯ ನೆರಳಲ್ಲಿ ಮಲಗಿ ಅವನ್ನೇ ನೋಡುತ್ತ, ಬರುವ ವರ್ಷ ಈ ಆಕಾಶದ ಕೆಳಗೆ ಯಾರೂ ಇರುವುದಿಲ್ಲ ಎಂದುಕೊಳ್ಳುತ್ತಿದ್ದೆ. ಆ ವಾರವನ್ನು ಮುಚ್ಚಿ ಹಿಂದಿನ ಗೆರೆಗೂ ಮುಂದಿನ ಗೆರೆಗೂ ಸೇತುವೆ ಹಾಕಿಬಿಡಿ, ಯಾರಿಗೆ ತಿಳಿಯುತ್ತದೆ ಎಂದು ಮಕ್ಬೂಲ್ ಒಮ್ಮೆ ಅಂದ. ಅವನು ಅಂದದ್ದು ನನ್ನ ಮೇಲಿನ ಕನಿಕರದಿಂದ. ಆದರೆ ಒಳಗೆ ಏನಾಗುತ್ತಿದೆಯೆಂದು ನೋಡದೆ ಹೊರಗಿಂದ ಗೆರೆ ಎಳೆಯುವುದು ತಪ್ಪೆಂದೇ ಅಲ್ಲವೇ ಈ ಕಂಬ ನೆಟ್ಟದ್ದು. ಹಾಗೆ ಮಾಡಲು ಮನಸ್ಸು ಒಪ್ಪಲಿಲ್ಲ.

ಭಾದ್ರಪದದ ಹುಬ್ಬಿ ಮಳೆಯ ಹೊತ್ತಿಗೆ ಸರ್ ಬಂದರು. ಹೆಸರುಕಾಯಿ ಬಿಡಿಸಿ ಅಂಗಳದಲ್ಲಿ ಒಣಹಾಕಿದ್ದರು, ಮೋಡ ಕಂಡಾಗಲೆಲ್ಲ ಮನೆಮಂದಿಯೆಲ್ಲ ತಾಡಪತ್ರಿ ಹಿಡಿದು ಓಡುತ್ತಿದ್ದರು. ಸರ್ ಮೂಲತಃ ಬೆಳಗಾವಿ ಕಡೆಯವರು. ನೀಲವ್ವನವರ ಜೊತೆ ಮಾತಿಗೆ ಕೂತರೆ ಅವರೂ ಊರಿನವರೇ ಆಗಿಬಿಡುತ್ತಿದ್ದರು. ಊಟ ಮುಗಿಸಿ ಶೆಡ್ಡಿಗೆ ಬಂದು, ಸುರುಳಿ ಬಿಚ್ಚಿ, ಪಂಚಮಿಯ ವಾರಕ್ಕೆ ಬಂದಾಗ ಬೆರಳು ನಿಂತಿತು.

"ಇದೇನಿದು?"

ಎಲ್ಲ ಹೇಳಿದೆ. ಜ್ವರ, ಪಂಚಮಿ, ಬಟ್ಟೆ, ಉಂಡಿ. ದನಿ ಸಾಧ್ಯವಾದಷ್ಟು ಸಮ ಇಟ್ಟುಕೊಂಡೆ. ನನ್ನ ಕೆಲಸ ಮುಗಿಯಿತು ಅಂದುಕೊಂಡೆ. ಸರ್ ಜೇಬಿನಿಂದ ಭೂತಗನ್ನಡಿ ತೆಗೆದು ಕಾಗದದ ಮೇಲೆ ಬಾಗಿದರು.

"ಇಲ್ಲಿ ಬಾ. ಇವು ಕೂಡಿ ಓಡ್ಯಾವ ಅಂದೆಲ್ಲ, ಖರೇನ ಕೂಡ್ಯಾವೇನು?"

ನೋಡಿದೆ. ಗೆರೆಗಳು ಒಂದರ ಮೇಲೊಂದು ಕೂತಿರಲಿಲ್ಲ. ನಡುವೆ ಕೂದಲೆಳೆಯಷ್ಟು ಬಿಳಿ ಇತ್ತು. ಹಗಲಲ್ಲಿ, ಬೆಳಗಿನ ಜಾವದಲ್ಲಿ, ಮಳೆಯಲ್ಲಿ, ಬಿಸಿಲಲ್ಲಿ, ಎಲ್ಲೆಡೆಯೂ ಅಷ್ಟೇ ಬಿಳಿ.

"ಇಬ್ಬರಿಗೂ ಒಂದೇ ಗಾಳಿ, ಒಂದೇ ನೀರು," ಎಂದರು ಸರ್. "ಹಂಗಿದ್ರ ಇಬ್ಬರೂ ಒಂದೇ ಮಾತು ಹೇಳಬೇಕು. ಹೇಳವಲ್ಲರು. ಬಟ್ಟೆ ಬೇರೆ ಬೇರೆ ಇತ್ತೇನು?"

ನಾನು ಉತ್ತರಿಸುವ ಮೊದಲೇ ಅವರು ಸುರುಳಿ ಹಿಡಿದೇ ಮನೆಗೆ ನಡೆದು, ಅಂಗಳದಲ್ಲಿ ಕಾಯಿ ಹರವುತ್ತಿದ್ದ ನೀಲವ್ವನವರನ್ನು ಕರೆದರು. ನಾನೂ ಹಿಂದೆಯೇ ಓಡಿದೆ.

"ಅವ್ವಾರ, ಆ ಪೆಟಿಗ್ಯಾಗಿನವರಿಗೆ ಅರಿವಿ ಕಟ್ಟಿದವರು ನೀವೇನ್ರಿ?"

"ಹೌದ್ರಿ. ಯಾಕ್ರಿ, ತಪ್ಪಾತೇನು?"

"ಎರಡೂ ಅರಿವಿ ಒಂದೇ ನಮೂನಿವು ಇದ್ವೇನ್ರಿ?"

ನೀಲವ್ವ ಕೈಯಲ್ಲಿದ್ದ ಕಾಯಿ ಕೆಳಗಿಟ್ಟು ಎದ್ದು ನಿಂತರು. ಪ್ರಶ್ನೆಯಿಂದಲೇ ಅವರಿಗೆ ನೋವಾದಂತಿತ್ತು. "ಒಂದ ಥಾನಿನವ್ರಿ. ಒಂದ ಕಡೆಯಿಂದ ಒಂದ ಅಗಲಕ್ಕ ಹರದೀನಿ. ನಮ್ಮ ಮನ್ಯಾಗ ಅಕ್ಕ-ತಂಗ್ಯಾರಿಗೆ ಅರಿವಿ ತಂದ್ರ ಒಂದ ಥಾನಿನಾಗಿಂದ ಹರೀಬೇಕು, ಅದ ರೂಢಿ. ನಾ ಸಣ್ಣಾಕಿದ್ದಾಗ ನಮ್ಮಪ್ಪ ಒಂದ ವರ್ಷ ಪಂಚಮಿಗೆ ಅಕ್ಕಗ ನುಣ್ಣಂದು ತಂದು ನನಗ ದಡ್ಡಂದು ತಂದಿದ್ದ. ಇಷ್ಟ ವಯಸ್ಸಾದ್ರೂ ಅದು ಮನಸಿನ್ಯಾಗಿಂದ ಹೋಗಿಲ್ರಿ. ನನ್ನ ಮನ್ಯಾಗ ಹಂಗ ಆಗಬಾರದು ಅಂತ ನಾನ ಮಾಡಿದ ರೂಢಿ ಇದು."

ಸರ್ ನನ್ನ ಕಡೆ ತಿರುಗಿ ನಿಧಾನವಾಗಿ ಹೇಳಿದರು. ಬಟ್ಟೆಯೂ ಒಂದೇ ಅಂದಮೇಲೆ ವ್ಯತ್ಯಾಸ ಇರುವುದು ಥರ್ಮಾಮೀಟರಿನಲ್ಲೇ. ಹಂಗಾಮಿನ ಮೊದಲ ದಿನದಿಂದ ಎರಡರಲ್ಲಿ ಒಂದು ತಪ್ಪು ಹೇಳುತ್ತ ಬಂದಿದೆ. ಇಷ್ಟು ತಿಂಗಳ ಲೆಕ್ಕವೆಲ್ಲ ಅಷ್ಟಷ್ಟೇ ತಪ್ಪಿದೆ, ನಮ್ಮ ಯಾರ ಗಮನಕ್ಕೂ ಬಂದಿಲ್ಲ. ಹೀಗೇ ಹೋಗಿದ್ದರೆ ಆ ಹುಲ್ಲುಗಾವಲಿನ ಸಂಖ್ಯೆಯನ್ನು ತೆಗೆದು ಇನ್ನೊಂದು ತಪ್ಪು ಸಂಖ್ಯೆಯನ್ನು ಅಲ್ಲಿಡುತ್ತಿದ್ದೆವು. ಈಗ ಎಷ್ಟು ತಪ್ಪೆಂದು ಗೊತ್ತಾಗಿದೆ. ವಾರವಿಡೀ ಅದು ಒಂದೇ ಸಮನಾಗಿತ್ತೆಂಬುದಕ್ಕೆ ಈ ಕಾಗದವೇ ಸಾಕ್ಷಿ. ಅಷ್ಟನ್ನು ತಿದ್ದಿದರೆ ಸಾಕು.

"ಹಾಗಾದರೆ ಈ ಹಂಗಾಮು..." ಎಂದೆ.

"ಒಂದು ವಾರ ಹೋತು," ಎಂದರು ಸರ್. "ಉಳಿದ ತಿಂಗಳೆಲ್ಲ ಕೈಗೆ ಬಂದ್ವು."

ಹೊಲಕ್ಕೆ ಮರಳಿ, ಸಂಸ್ಥೆಯಿಂದ ತಂದಿದ್ದ ಒಳ್ಳೆಯ ಥರ್ಮಾಮೀಟರನ್ನು ಪೆಟ್ಟಿಗೆಯಲ್ಲಿ ಇಬ್ಬರ ನಡುವೆ ಇಟ್ಟು ನೋಡಿದಾಗ, ತಪ್ಪಾಗಿ ಕಡಿಮೆ ಹೇಳುತ್ತಿದ್ದವಳು ಬರಿದಾಗಿ ನಿಲ್ಲಿಸಿದ್ದವಳೇ ಎಂದು ತಿಳಿಯಿತು. ನೀಲವ್ವ ನಮ್ಮ ಬೆನ್ನ ಹಿಂದೆಯೇ ಬಂದು ನಿಂತಿದ್ದರು. ಸರ್ ಅವರಿಗೆ ಬಿಡಿಸಿ ಹೇಳಿದರು. ಆ ಬಟ್ಟೆಯಿಂದ ಈ ಹುಡುಗಿಯ ಕೆಲಸವೇ ಹೋಗುವುದಿತ್ತು, ಅದೇ ಬಟ್ಟೆಯಿಂದ ಉಳಿಯುವ ಹಾಗಾಗಿದೆ ಎಂದರು. ನೀಲವ್ವ ನನ್ನ ಮುಖ ನೋಡಿದರು. ಇಷ್ಟು ದಿನ ನಾನು ಏನನ್ನು ನುಂಗಿಕೊಂಡು ಅವರ ಒಲೆಯ ಮುಂದೆ ಕೂತಿದ್ದೆ ಎಂಬುದು ಅವರಿಗೆ ಆಗ ಅರ್ಥವಾಯಿತು.

"ನನ್ನ ಮ್ಯಾಲ ಸಿಟ್ಟ ಬಂದಿತ್ತಿಲ್ಲೋ ನಿನಗ?"

"ಬಂದಿತ್ತು."

"ಬೈಬೇಕಿತ್ತಿಲ್ಲೋ! ಬೆಣ್ಣಿ ಹಚ್ಚಿದ ಮಾತಿನ್ಯಾಗರ ಒಂದೀಟು ಬೈಬೇಕಿತ್ತು." ಕಣ್ಣು ಒರೆಸಿಕೊಂಡು ಪೆಟ್ಟಿಗೆಯೊಳಗೆ ಇಣುಕಿದರು. "ಹಂಗಾರ ಈಕಿ ಮೊದಲಿನಿಂದ ಸೊರಗಿದ್ಲು. ಯಾರೂ ಆಕಿ ಕಡೆ ನೋಡಿಲ್ಲ."

ಸರ್ ನಗಲಿಲ್ಲ. "ಹೌದ್ರಿ ಅವ್ವಾರ," ಎಂದರು. "ಯಾರೂ ನೋಡಿಲ್ಲ."

ದೀಪಾವಳಿಗೆ ಮುಂಚೆಯೇ ನನ್ನ ಕೆಲಸ ಮುಂದುವರಿಯುವುದು ಖಾತ್ರಿಯಾಯಿತು, ಕಂಬವೂ ಅಲ್ಲೇ ಉಳಿಯಿತು. ತಿದ್ದಿದ ಲೆಕ್ಕದಿಂದ ಎರೆ ನೆಲದ ಸಂಖ್ಯೆ ಹೊರಟಿತು, ಹುಲ್ಲುಗಾವಲಿನದಕ್ಕಿಂತ ಬೇರೆಯೇ ಆದದ್ದು. ಅದು ಚೌಕದೊಳಗೆ ಹೋಗಿ ಕೂತಿತು ಎಂದು ನೀಲವ್ವನವರಿಗೆ ಹೇಳಿದೆ. ಅವರು ಜೋಳದ ಹೊಲದಲ್ಲಿ ಕಸ ತೆಗೆಯುತ್ತಿದ್ದರು. "ನಮ್ಮ ಹೊಲ ಅದರಾಗ ಐತಿ ಅಂದಂಗಾತು?" ಎಂದರು. ಹೌದು ಎಂದೆ. "ಕಲಘಟಗಿಯವರ ಜೋಡಿ," ಎಂದು ಗೊಣಗಿ ಕೆಲಸ ಮುಂದುವರಿಸಿದರು. ಆ ಚೌಕಗಳು ವರ್ಷದಿಂದ ವರ್ಷಕ್ಕೆ ಸಣ್ಣವಾಗುತ್ತ ಬಂದವು, ಸೂತ್ರಗಳು ಬದಲಾದವು. ಎಷ್ಟು ಸಣ್ಣವಾದರೂ ಒಳಗೆ ಕಾಣದೇ ಉಳಿಯುವುದು ಏನಾದರೂ ಇದ್ದೇ ಇರುತ್ತದೆ, ಅದರ ಪರವಾಗಿ ಯಾರಾದರೂ ಮಾತಾಡಲೇಬೇಕು. ನಾನು ಉಳಿದ ಆಯುಷ್ಯವೆಲ್ಲ ಮಾಡಿದ್ದು ಇದೇ ಕೆಲಸ.

ಮುಂದಿನ ಪಂಚಮಿಗೆ ನಾನು ಊರಲ್ಲೇ ಇದ್ದೆ. ಬೇವಿನಮರಕ್ಕೆ ಜೋಕಾಲಿ ಕಟ್ಟಿದ್ದರು, ಹೆಣ್ಣುಮಕ್ಕಳ ಕೇಕೆ ಹೊಲದವರೆಗೂ ಕೇಳುತ್ತಿತ್ತು. ನೀಲವ್ವ ಹೊಸ ಮಲ್‌ಮಲ್ ಥಾನು ಹಿಡಿದುಕೊಂಡು ಕಂಬದ ಹತ್ತಿರ ಬಂದರು. ನನ್ನನ್ನು ಕೇಳಿಯೇ ಅಕ್ಕತಂಗಿಯರಿಗೆ ಒಂದೊಂದು ಪಟ್ಟಿ ಹರಿದು ಕಟ್ಟಿದರು, ಆ ಒಂದು ದಿನದ ಮಟ್ಟಿಗೆ. ಆಮೇಲೆ ಅದೇ ಥಾನಿನಿಂದ ಇನ್ನೊಂದು ತುಂಡು ಹರಿದು, ಕುಂಕುಮ ಹಚ್ಚಿ, ನನ್ನ ಉಡಿಯಲ್ಲಿ ಹಾಕಿದರು.

"ಮೂವರಿಗೂ ಒಂದ ಥಾನಿಂದು," ಎಂದರು. "ಇನ್ನ ನೀ ಸೊರಗಿದ್ರೂ ನನಗ ಗೊತ್ತಾಗತೈತಿ."